ಹನ್ನೊಂದು ಫ್ರೇಮುಗಳ ಲೆಕ್ಕ: ಒಂದು 16 ಎಂಎಂ ಪ್ರಿಂಟಿನ ದುರಸ್ತಿ

ಶಿರಸಿಯ ಒಂದು ಹಳೆಯ ಮನೆಯ ಅಟ್ಟದಿಂದ ಇಳಿದು ಕುಮಟೆಯ ನನ್ನ ಕೋಣೆಗೆ ಬಂದಿರುವ ಎರಡು ತಗಡಿನ ಡಬ್ಬಿಗಳಲ್ಲಿ, 1970ರ ದಶಕದ ಒಂದು ಕಪ್ಪುಬಿಳುಪು ಕನ್ನಡ ಚಿತ್ರದ 16 ಎಂಎಂ ಪ್ರಿಂಟು (16 ಮಿಲಿಮೀಟರು ಅಗಲದ ಫಿಲಂ ಪ್ರತಿ) ಇದೆ. ಒಂದೊಂದು ಡಬ್ಬಿಯಲ್ಲಿ 1600 ಅಡಿ ಹಿಡಿಯುವ ಒಂದೊಂದು ಸುರುಳಿ. 16 ಎಂಎಂ ಫಿಲಂನಲ್ಲಿ ಅಡಿಗೆ 40 ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು, ಇರುತ್ತವೆ. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ನಿಮಿಷಕ್ಕೆ 36 ಅಡಿ ಹೋಗುತ್ತದೆ, ಅಂದರೆ ತುಂಬಿದ ಒಂದು ಸುರುಳಿ ಸುಮಾರು 44 ನಿಮಿಷ ನಡೆಯುತ್ತದೆ. ಆ ಪ್ರಿಂಟನ್ನು ಮತ್ತೆ ಓಡುವ ಸ್ಥಿತಿಗೆ ತಂದ ಕೆಲಸವನ್ನು ಇಲ್ಲಿ ದಾಖಲಿಸಿದ್ದೇನೆ. ಎರಡನೆಯ ಸುರುಳಿಯ ಒಂದೇ ಒಂದು ಜೋಡಣೆಗೆ (ತುಂಡಾದ ಫಿಲಂ ಕೂಡಿಸಿದ ಜಾಗಕ್ಕೆ) ಉಳಿದೆಲ್ಲಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೇನೆ. ಈ ಚಿತ್ರದ ಮಟ್ಟಿಗೆ ಅದು ನ್ಯಾಯವೇ ಎಂದು ಓದುತ್ತ ಹೋದಂತೆ ತಿಳಿಯುತ್ತದೆ.

ಚಿತ್ರದ ಹೆಸರನ್ನು ಬೇಕೆಂದೇ ಕೊಟ್ಟಿಲ್ಲ. ನಿರ್ಮಾಪಕರ ಮನೆಯವರೊಂದಿಗೆ ಪ್ರದರ್ಶನದ ಹಕ್ಕಿನ ಮಾತುಕತೆ ನಡೆಯುತ್ತಿದ್ದು, ಅದು ಮುಗಿಯುವವರೆಗೆ ಹೆಸರು ಹೊರಗೆ ಬರುವುದು ಅವರಿಗೆ ಇಷ್ಟವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1974ರಲ್ಲಿ ತೆರೆ ಕಂಡ ಚಿತ್ರದ ಹಕ್ಕು 2034ರ ಕೊನೆಯ ತನಕ ಜೀವಂತ. ಡಬ್ಬಿ ಯಾರ ಅಟ್ಟದಲ್ಲಿ ಸಿಕ್ಕಿತು ಎಂಬುದಕ್ಕೂ ಹಕ್ಕು ಯಾರದು ಎಂಬುದಕ್ಕೂ ಸಂಬಂಧವಿಲ್ಲ. ಹಳೆಯ ಪ್ರಿಂಟು ಕೊಳ್ಳುವವರಲ್ಲಿ ಅನೇಕರು ಇದನ್ನು ಮರೆಯುತ್ತಾರೆ.

ಕಥೆಯನ್ನು ಹೇಳಬಹುದು. ನದಿ ದಾಟಿಸುವ ಲಾಂಚಿನಲ್ಲಿ ಟಿಕೆಟು ಹರಿಯುವ ಗುಮಾಸ್ತನೊಬ್ಬನಿದ್ದಾನೆ. ಊರಿಗೆ ಸೇತುವೆ ಬರುತ್ತದೆಂಬ ಸುದ್ದಿ ಹಬ್ಬುತ್ತದೆ. ಸೇತುವೆಯಾದರೆ ತನ್ನ ಹೊಟ್ಟೆಪಾಡು ಹೋಯಿತೆಂದು ಹೆದರಿದ ಆತ ಅದನ್ನು ತಡೆಯಲು ಒಂದರ ಮೇಲೊಂದು ಉಪಾಯ ಹೂಡುತ್ತಾನೆ, ಒಂದೊಂದು ಉಪಾಯವೂ ಅವನ ತಲೆಗೇ ಬಂದು ತಗಲುತ್ತದೆ. ಮೊದಲರ್ಧದಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ, ಎರಡನೆಯ ಅರ್ಧದಲ್ಲಿ ಅದೇ ಕೆಲಸಗಳನ್ನು ಅದೇ ಮನುಷ್ಯ ಮಾಡುತ್ತಿದ್ದರೂ ನಗುವುದಕ್ಕೆ ಬಾಯಿ ಬರುವುದಿಲ್ಲ. ಆ ಕಾಲದ ಕನ್ನಡದಲ್ಲಿ ಈ ಜಾತಿಯ ಚಿತ್ರಗಳು ತೀರ ಕಡಿಮೆ. 1970ರ ‘ಸಂಸ್ಕಾರ’ದ ನಂತರ ಬಂದ ಹೊಸ ಅಲೆಯ ಚಿತ್ರಗಳು ಬಹುಮಟ್ಟಿಗೆ ಗಂಭೀರ ಮುಖದವು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ, 1973ರ ‘ಅಬಚೂರಿನ ಪೋಸ್ಟಾಫೀಸು’ ನಗುವನ್ನೂ ಸಂಕಟವನ್ನೂ ಒಂದೇ ಹಗ್ಗದಲ್ಲಿ ಹೊಸೆದದ್ದಕ್ಕೆ ಎಲ್ಲರಿಗೂ ನೆನಪಾಗುವ ಉದಾಹರಣೆ. ನನ್ನ ಡಬ್ಬಿಯ ಚಿತ್ರಕ್ಕೆ ಅಂಥ ಕಥೆಗಾರನ ಹೆಸರಿನ ಬೆಂಬಲ ಇರಲಿಲ್ಲ. ನಗಿಸುವ ಚಿತ್ರವೆಂದು ಬೋರ್ಡು ಬರೆಸಬೇಕೋ ಅಳಿಸುವ ಚಿತ್ರವೆಂದು ಬರೆಸಬೇಕೋ ಟಾಕೀಸಿನವರಿಗೆ ಹೊಳೆಯದಿದ್ದರೆ ಚಿತ್ರ ಎಷ್ಟು ದಿನ ನಿಂತೀತು?

ಟಾಕೀಸಿನಲ್ಲಿ ನಿಲ್ಲದ ಚಿತ್ರಗಳಿಗೆ ಆಗ ಇನ್ನೊಂದು ದಾರಿ ಇತ್ತು. 35 ಎಂಎಂ ನೆಗೆಟಿವ್‌ನಿಂದ 16 ಎಂಎಂಗೆ ಇಳಿಸಿದ ಪ್ರಿಂಟುಗಳು ಫಿಲಂ ಸೊಸೈಟಿಗಳ ನಡುವೆ ಬಸ್ಸಿನ ಮೇಲೆ, ರೈಲಿನ ಪಾರ್ಸೆಲ್ಲಿನಲ್ಲಿ ಓಡಾಡುತ್ತಿದ್ದವು. ಫಿಲಂ ಸೊಸೈಟಿಗಳ ಒಕ್ಕೂಟ 1959ರಲ್ಲಿ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಆರಂಭವಾದವು. ನಮ್ಮ ಘಟ್ಟದ ಮೇಲಿನವರಿಗೆ ಹತ್ತಿರವಾದದ್ದು ಹೆಗ್ಗೋಡಿನ ನೀನಾಸಂ, ಕೆ.ವಿ. ಸುಬ್ಬಣ್ಣನವರು ಅಲ್ಲಿ 1973ರಲ್ಲಿ ಚಿತ್ರಸಮಾಜ ಕಟ್ಟಿದರು, ಆ ದಶಕದ ಕೊನೆಗೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಅಧ್ಯಾಪಕ ಸತೀಶ ಬಹಾದ್ದೂರರ ಚಲನಚಿತ್ರ ರಸಗ್ರಹಣ ಶಿಬಿರಗಳು ಅಲ್ಲಿ ನಡೆದವು. ಶಿರಸಿ, ಸಿದ್ದಾಪುರ, ಸಾಗರದ ಅಡಿಕೆ ತೋಟಗಳ ನಡುವೆ ಜಗತ್ತಿನ ಚಿತ್ರಗಳ ಬಗ್ಗೆ ಮಾತಾಡುವ ಒಂದು ತಲೆಮಾರು ಇದ್ದುದಕ್ಕೆ ಅದೇ ಕಾರಣ. ಈ ಪ್ರಿಂಟು ಅಂಥ ಒಬ್ಬರ ಅಟ್ಟದಲ್ಲಿ ಉಳಿದದ್ದು ಆಶ್ಚರ್ಯವೇನಲ್ಲ.

ಸಂಗ್ರಾಹಕರು ಇದನ್ನು ಹುಡುಕುತ್ತಿರುವುದಕ್ಕೆ ಚಿತ್ರದ ಗುಣವೊಂದೇ ಕಾರಣ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಾಡುಗಳಿಲ್ಲದ ಚಿತ್ರವಾದ್ದರಿಂದ ಗ್ರಾಮಫೋನ್ ತಟ್ಟೆಯಿಲ್ಲ, ಟಾಕೀಸಿನ ಬಾಗಿಲಲ್ಲಿ ಮಾರುವ ಪದ್ಯಗಳ ಪುಸ್ತಕವಿಲ್ಲ. ಸಂಗ್ರಹಿಸಬಹುದಾದ ವಸ್ತುಗಳು ಕಡಿಮೆ ಇದ್ದಷ್ಟೂ ಇರುವ ಒಂದಕ್ಕೆ ಬೇಡಿಕೆ ಹೆಚ್ಚು. ಅದಕ್ಕಿಂತ ದೊಡ್ಡ ಆಕರ್ಷಣೆ ಲಾಂಚಿನ ದೃಶ್ಯಗಳು. ಅವನ್ನು ಕಾರವಾರದಲ್ಲಿ, ಕಾಳಿ ನದಿಯ ಕೋಡಿಬಾಗ–ಸದಾಶಿವಗಡದ ತಾರಿಯಲ್ಲಿ (ಲಾಂಚಿನಲ್ಲಿ ನದಿ ದಾಟಿಸುವ ಜಾಗದಲ್ಲಿ) ತೆಗೆದಿದ್ದಾರೆ. ಆ ತಾರಿ 1980ರ ದಶಕದಲ್ಲಿ ಸೇತುವೆಯಾದ ಮೇಲೆ ನಿಂತುಹೋಯಿತು, ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಒಂದು ಲಾರಿಯ ಸಮೇತ ಕುಸಿದು ನದಿಗೆ ಬಿತ್ತು. ಬರಲಿರುವ ಸೇತುವೆಗೆ ಹೆದರುವ ಗುಮಾಸ್ತನ ಕಥೆಯನ್ನು ಕೇಳಲು ಕಾರವಾರದವರಿಗೆ ಅಂದಿನಿಂದ ಹೊಸ ಕಿವಿ ಬಂದಂತಾಗಿದೆ. ಪ್ರಿಂಟು ನನ್ನ ಬಳಿ ಇದೆ ಎಂದು ತಿಳಿದ ಮೇಲೆ ಬಂದ ದೂರವಾಣಿ ಕರೆಗಳಲ್ಲಿ ಅರ್ಧದಷ್ಟು ಚಿತ್ರದ ಬಗ್ಗೆ ಅಲ್ಲವೇ ಅಲ್ಲ, ತಾರಿಕಟ್ಟೆಯ ಬಗ್ಗೆ.

ಇನ್ನು ಕೆಲಸಕ್ಕೆ ಬರುತ್ತೇನೆ. ಡಬ್ಬಿ ತೆರೆದಾಗ ಮೊದಲು ದುಡಿಯಬೇಕಾದದ್ದು ಮೂಗು. 16 ಎಂಎಂ ಫಿಲಂ 1923ರಲ್ಲಿ ಬಂದಾಗಿನಿಂದ ಅದರ ತಳಪದರ ಬೆಂಕಿಗೆ ಬೇಗ ಹತ್ತದ ಅಸಿಟೇಟು, ಥಟ್ಟನೆ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲಂನ ಭಯವಿಲ್ಲ. ಆದರೆ ಅಸಿಟೇಟಿಗೆ ಅದರದೇ ರೋಗವಿದೆ. ಸೆಕೆಯಲ್ಲಿ, ತೇವದಲ್ಲಿ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ಒಡೆಯುವಿಕೆಯನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ ಹೊಡೆಯುತ್ತದೆ. ಮೊದಲನೆಯ ಡಬ್ಬಿಯ ಮುಚ್ಚಳ ಸೊಟ್ಟಗಾಗಿ ಗಾಳಿಯಾಡುತ್ತಿತ್ತು, ಅದರಲ್ಲಿ ವಾಸನೆ ಅಷ್ಟಿಲ್ಲ, ಬೂಷ್ಟು ಮಾತ್ರ ಇತ್ತು. ಎರಡನೆಯದಕ್ಕೆ ಯಾರೋ ಕಾಳಜಿಯಿಂದ ಅಂಚಿನ ಸುತ್ತ ಅಂಟುಪಟ್ಟಿ ಸುತ್ತಿ ಭದ್ರಪಡಿಸಿದ್ದರು. ಕೆಟ್ಟಿದ್ದು ಅದೇ, ಏಕೆಂದರೆ ಹೊರಗೆ ಹೋಗಬೇಕಾದ ಆಮ್ಲದ ಆವಿ ಒಳಗೇ ಸಿಕ್ಕಿಕೊಂಡಿತು. ಆಮ್ಲ ಅಳೆಯುವ ಬಣ್ಣದ ಕಾಗದದ ಪಟ್ಟಿಗಳನ್ನು ಎರಡರಲ್ಲೂ ಒಂದು ದಿನ ಮುಚ್ಚಿಟ್ಟೆ. ನೀಲಿಯಿಂದ ಹಳದಿಯವರೆಗೆ 0ಯಿಂದ 3ರ ಅಳತೆಯಲ್ಲಿ ಮೊದಲನೆಯದು 1ರ ಆಸುಪಾಸು, ಎರಡನೆಯದು 1.5 ದಾಟಿತ್ತು. 1.5 ಎಂದರೆ ರೋಗ ತನ್ನ ಬಲದಿಂದಲೇ ಮುಂದೆ ಓಡತೊಡಗುವ ಹಂತ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅಂಥ ಸುರುಳಿಯನ್ನು ಇನ್ನೊಂದು ಮಳೆಗಾಲ ಹಾಗೆಯೇ ಇಡುವಂತಿಲ್ಲ. ಆದ್ದರಿಂದ ಕೆಲಸವನ್ನೆಲ್ಲ ಚಳಿಗಾಲದ ಒಣ ದಿನಗಳಲ್ಲೇ ಮುಗಿಸುವುದೆಂದು ತೀರ್ಮಾನಿಸಿದೆ.

ಮುಂದಿನದು ಕುಗ್ಗುವಿಕೆಯ ಅಳತೆ. ಹೊಸ 16 ಎಂಎಂ ಪ್ರಿಂಟಿನಲ್ಲಿ ಅಂಚಿನಲ್ಲಿ ಫ್ರೇಮಿಗೊಂದರಂತೆ ಇರುವ ರಂಧ್ರಗಳಲ್ಲಿ ಒಂದರಿಂದ ಇನ್ನೊಂದಕ್ಕೆ 7.62 ಮಿಲಿಮೀಟರು, 100 ಫ್ರೇಮು ಅಳೆದರೆ 762 ಬರಬೇಕು. ಉಕ್ಕಿನ ಸ್ಕೇಲನ್ನು ಮೇಜಿಗೆ ಅಂಟಿಸಿ, ಫಿಲಂ ಎಳೆಯದೆ ಮೆತ್ತಗೆ ಮಲಗಿಸಿ ನೋಡಿದಾಗ ಎರಡನೆಯ ಸುರುಳಿ 756 ತೋರಿಸಿತು. ಅಂದರೆ ಸುಮಾರು 0.8 ಶೇಕಡ ಕುಗ್ಗಿದೆ. ಶೇಕಡ 1ರ ಹತ್ತಿರ ಬಂದ ಫಿಲಂ ಪ್ರೊಜೆಕ್ಟರಿನ ಹಲ್ಲುಗಾಲಿಗೆ ಸರಿಹೊಂದದೆ ರಂಧ್ರಗಳನ್ನು ಹರಿದುಕೊಳ್ಳುತ್ತದೆ. ಆದ್ದರಿಂದ ಎರಡನೆಯ ಸುರುಳಿಯನ್ನು ಹಲ್ಲುಗಾಲಿಯೇ ಇಲ್ಲದ ದಾರಿಯಲ್ಲಿ ಓಡಿಸಿ ಫ್ರೇಮು ಫ್ರೇಮಾಗಿ ಫೋಟೋ ತೆಗೆಯುವುದು, ತೀರ ಅಗತ್ಯ ಬಿದ್ದರೆ ಮಾತ್ರ ಒಮ್ಮೆ ಪ್ರೊಜೆಕ್ಟರಿಗೆ ಏರಿಸುವುದು ಎಂದು ನಿಶ್ಚಯಿಸಿದೆ.

ಬೂಷ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ ಬರೆದಿಡಲೇಬೇಕು. ಚಿತ್ರ ಕುಳಿತಿರುವುದು ಜೆಲಾಟಿನ್ ಪದರದಲ್ಲಿ. ಬೂಷ್ಟಿಗೆ ಅದೇ ಆಹಾರ. ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗುವಂತಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟಿನ ಜೊತೆಗೆ ಚಿತ್ರವೂ ಬಟ್ಟೆಗೆ ಬರುತ್ತದೆ. 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ, ಎಳೆ ಬಿಡದ ಮೆತ್ತನೆಯ ಬಟ್ಟೆಯ ನಡುವೆ ಫಿಲಂ ಹಾಯಿಸಿ, ಒಂದು ಕೈಯಿಂದ ರಿವೈಂಡರ್ ನಿಧಾನ ತಿರುಗಿಸುತ್ತ, ಆಲ್ಕೊಹಾಲು ಆರುವಷ್ಟು ದೂರ ಬಿಟ್ಟು ಸುತ್ತಿಕೊಂಡೆ. ಕಿಟಕಿಗಳನ್ನು ತೆರೆದಿಟ್ಟಿದ್ದೆ, ಒಲೆ ಹೊತ್ತಿಸುವಂತಿರಲಿಲ್ಲ. ಮೊದಲ ಸುರುಳಿಯ ಹೊರಸುತ್ತುಗಳಿಂದ ಬಟ್ಟೆಗೆ ಬಂದ ಕಪ್ಪು ಬೂಷ್ಟಿನದಲ್ಲ, ಅಟ್ಟದ ಕೆಳಗಿನ ಒಲೆಯ ಮಸಿ. ಆ ಹೊಗೆ ಅಟ್ಟವನ್ನು ಒಣಗಿಸಿಟ್ಟಿದ್ದರಿಂದಲೇ ಬೂಷ್ಟು ಒಳಸುತ್ತುಗಳಿಗೆ ಹೋಗಿರಲಿಲ್ಲ ಎಂದು ನನ್ನ ಊಹೆ. ಫಿಲಂನ ಅಂಚಿನಲ್ಲಿ ‘ಸೇಫ್ಟಿ’ ಎಂಬುದರ ಜೊತೆ ಪೂರ್ವ ಜರ್ಮನಿಯ ‘ಓರ್ವೋ’ ಮುದ್ರೆ ಓದಲು ಸಿಕ್ಕಿತು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಮಾಲಿನ ಜೊತೆಗೆ ಆ ದಶಕದಲ್ಲಿ ನಮ್ಮಲ್ಲಿ ಬಹಳ ಓಡಿದ ಫಿಲಂ ಅದು.

ಜೋಡಣೆಗಳಲ್ಲಿ ಎರಡು ಬಗೆ ಇದ್ದವು. ಫಿಲಂ ಸಿಮೆಂಟ್ ಹಚ್ಚಿ ಒಂದರ ಮೇಲೊಂದು ಕೂರಿಸಿದವು ಹಳೆಯವು. ಅಸಿಟೇಟಿನ ಎರಡು ತುದಿಗಳು ಸಿಮೆಂಟಿನಲ್ಲಿ ಕರಗಿ ಬೆಸೆದುಕೊಳ್ಳುತ್ತವೆ. ತಳಪದರ ಕುಗ್ಗಿದ್ದರಿಂದ ಇವುಗಳಲ್ಲಿ ಅನೇಕವು ಬೆರಳು ತಾಗಿದರೆ ಬಿಡುವಂತಿದ್ದವು. ಸೆಲ್ಲೊಟೇಪ್ ಅಂಟಿಸಿದವು ಆಮೇಲಿನವು. ಅವುಗಳ ಅಂಟು ಕರಗಿ ಅಕ್ಕಪಕ್ಕದ ಸುತ್ತುಗಳಿಗೂ ಹರಡಿತ್ತು. ಅಂಟನ್ನು ಅದೇ ಆಲ್ಕೊಹಾಲಿನಲ್ಲಿ ಹತ್ತಿ ಅದ್ದಿ ತೆಗೆದು, ಪ್ರತಿ ಜೋಡಣೆಯನ್ನೂ ರಂಧ್ರವಿರುವ ಪಾಲಿಯೆಸ್ಟರ್ ಸ್ಪ್ಲೈಸಿಂಗ್ ಟೇಪಿನಿಂದ ಎರಡೂ ಬದಿಗೆ ಹೊಸದಾಗಿ ಮಾಡಿದೆ. ಟೇಪು ಫಿಲಂನ ಅಂಚಿನಲ್ಲಿ ಅಚ್ಚಾದ ಸದ್ದಿನ ಪಟ್ಟಿಯ ಮೇಲೆ ಹೋಗುವಲ್ಲಿ ಗಾಳಿಗುಳ್ಳೆ ಉಳಿದರೆ ಟಕ್ ಎಂದು ಕೇಳುತ್ತದೆ, ಆದ್ದರಿಂದ ಉಗುರಿನಿಂದಲ್ಲದೆ ಪ್ಲಾಸ್ಟಿಕ್ ಚಮಚದ ಬೆನ್ನಿನಿಂದ ಒತ್ತುವುದು ಒಳ್ಳೆಯದು. ಹರಿದ ರಂಧ್ರಗಳಿಗೂ ಅದೇ ಚಿಕಿತ್ಸೆ. ಹೇಳಿಕೊಳ್ಳುವಂಥ ವಿಶೇಷವಿಲ್ಲದ, ಬೆನ್ನು ನೋಯಿಸುವ ಕೆಲಸ.

ವಿಶೇಷವಿರುವುದು ಲೆಕ್ಕದಲ್ಲಿ. ಮೊದಲ ಸುರುಳಿಯ ಆರಂಭದಲ್ಲಿ ಸೆನ್ಸಾರ್ ಪ್ರಮಾಣಪತ್ರ ಉಳಿದಿತ್ತು. ಅದರಲ್ಲಿ 35 ಎಂಎಂ ಚಿತ್ರದ ಉದ್ದ 2410 ಮೀಟರು ಎಂದಿದೆ. 35 ಎಂಎಂನಲ್ಲಿ ಅಡಿಗೆ 16 ಫ್ರೇಮು, 16 ಎಂಎಂನಲ್ಲಿ 40; ಆದ್ದರಿಂದ ಅದೇ ಚಿತ್ರ 16 ಎಂಎಂನಲ್ಲಿ 964 ಮೀಟರು, ಸುಮಾರು 1,26,500 ಫ್ರೇಮು, 88 ನಿಮಿಷಕ್ಕೆ ತುಸು ಕಡಿಮೆ. ಇಲ್ಲಿ ಟೇಪು ಹಿಡಿದು ಮೀಟರಿನಲ್ಲಿ ಅಳೆಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ 0.8 ಶೇಕಡ ಕುಗ್ಗಿದ ಫಿಲಂ ಒಂದು ಫ್ರೇಮೂ ಕಳೆಯದಿದ್ದರೂ ಹಲವು ಮೀಟರು ಗಿಡ್ಡ ಎಂದೇ ಕಾಣುತ್ತದೆ. ರಂಧ್ರಗಳನ್ನು ಎಣಿಸುವ ಕೌಂಟರಿನಿಂದ ಲೆಕ್ಕ ತೆಗೆದಾಗ ಸುಮಾರು 600 ಫ್ರೇಮು ಕಡಿಮೆ ಬಂತು. ಐವತ್ತು ವರ್ಷ ಊರೂರು ತಿರುಗಿದ ಪ್ರಿಂಟಿನಲ್ಲಿ ಹೋದದ್ದು 25 ಸೆಕೆಂಡು ಮಾತ್ರ. ಅದರಲ್ಲಿ ಬಹುಪಾಲು ಸುರುಳಿಗಳ ಮೊದಲಲ್ಲಿ ಮತ್ತು ಕೊನೆಯಲ್ಲಿ, ಪ್ರೊಜೆಕ್ಟರಿಗೆ ದಾರ ಪೋಣಿಸಿದಂತೆ ಪೋಣಿಸುವಾಗ ಸವೆದು ಹೋದದ್ದು. ಅಲ್ಲಿ ಹೆಸರುಗಳು, ನದಿಯ ದೂರದೃಶ್ಯ, ಅಷ್ಟೇ ಇರುವುದು. ಒಳಗಿನ ಜೋಡಣೆಗಳಲ್ಲಿ ಹೋದವು ಬೆರಳೆಣಿಕೆಯ ಫ್ರೇಮುಗಳು.

ಕುಮಟೆಯಲ್ಲಿ ಹಿಂದೆ ಟೆಂಟ್ ಸಿನಿಮಾದ ಯಂತ್ರ ನಡೆಸಿ, ಆಮೇಲೆ 16 ಎಂಎಂ ಪ್ರೊಜೆಕ್ಟರ್ ಹೊತ್ತು ಊರೂರು ಸುತ್ತಿದ ಹಿರಿಯ ಆಪರೇಟರೊಬ್ಬರಿದ್ದಾರೆ. ಜೋಡಣೆಗಳನ್ನು ಅವರಿಗೆ ತೋರಿಸಿದಾಗ ಕನ್ನಡಕ ಏರಿಸಿ ನೋಡಿ, “ಇದು ನಮ್ಮಂಥವರದ್ದೇ ಕೆಲಸ ತಮಾ. ಬೆಳಿಗ್ಗೆ ಡಬ್ಬಿ ಬಸ್ಸಿಗೆ ಹಾಕಬೇಕಿತ್ತು. ಹರಿದ ಜಾಗ ಕತ್ತರಿಸಿ ಸಿಮೆಂಟ್ ಹಚ್ಚಿದರೆ ಮುಗೀತು. ಹತ್ತು ಫ್ರೇಮು ಹೋದರೆ ಯಾರಿಗೆ ಗೊತ್ತಾಗ್ತದೆ?” ಎಂದರು. “ಒಂದು ಕಡೆ ಗೊತ್ತಾಗ್ತದೆ ಮಾವ, ನೀವೇ ಕೇಳಿ,” ಎಂದು ಎರಡನೆಯ ಸುರುಳಿಯ ಆ ಭಾಗವನ್ನು ಕೇಳಿಸಿದೆ.

ಆ ದೃಶ್ಯ ಹೀಗಿದೆ. ಮದುವೆಯ ದಿಬ್ಬಣ ಲಾಂಚು ಹತ್ತಿ ಕುಳಿತಿದೆ, ಪಂಚವಾದ್ಯ ಜೋರಾಗಿ ನಡೆದಿದೆ. ಲಾಂಚು ಬಿಡುವ ಹೊತ್ತಿಗೆ, ಆಚೆ ದಡಕ್ಕೆ ಒಯ್ಯಬೇಕಾದ ಹೆಣವನ್ನು ಹೊತ್ತವರು ಬರುತ್ತಾರೆ. ಮುಂದಿನ ಲಾಂಚಿಗೆ ಎರಡು ತಾಸು ಕಾಯಬೇಕು. ಹೆಣಕ್ಕೆ ಟಿಕೆಟು ಹರಿಯಬೇಕೋ ಸಾಮಾನಿನ ರಸೀದಿ ಕೊಡಬೇಕೋ ಎಂದು ಗುಮಾಸ್ತ ನಿಯಮದ ಪುಸ್ತಕ ತಿರುವಿಹಾಕುತ್ತಾನೆ. ವಾದ್ಯದವರು ಒಬ್ಬೊಬ್ಬರಾಗಿ ನಿಲ್ಲಿಸುತ್ತಾರೆ. ಚಟ್ಟದ ಕಡೆ ಬೆನ್ನು ಹಾಕಿ ನಿಂತ ಡೋಲಿನವನೊಬ್ಬ ಮಾತ್ರ ಏನೂ ಅರಿಯದೆ ಬಾರಿಸುತ್ತಲೇ ಇದ್ದಾನೆ. ಚಟ್ಟದ ಹಿಂದೆ ಒಬ್ಬ ಮುದುಕಿ ದಡದಿಂದ ಲಾಂಚಿಗೆ ಹಾಕಿದ ಹಲಗೆಯ ಮೇಲೆ, ಜಾರದಂತೆ ಹೊಡೆದ ಅಡ್ಡಪಟ್ಟಿಗಳ ಮೇಲೊಂದೊಂದೇ ಹೆಜ್ಜೆ ಇಡುತ್ತ ಬರುತ್ತಾಳೆ. ಅವಳ ಹೆಜ್ಜೆಯೂ ಡೋಲಿನ ಪೆಟ್ಟೂ ಒಂದೇ ಲಯಕ್ಕೆ ಬೀಳುತ್ತವೆ. ಹಳೆಯ ಸಿಮೆಂಟ್ ಜೋಡಣೆ ಸರಿಯಾಗಿ ಇಲ್ಲಿದೆ. ಅದರಿಂದಾಗಿ ಎರಡು ಪೆಟ್ಟುಗಳು ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಕೇಳುತ್ತಿದ್ದವು, ಡೋಲಿನವನು ಬೆಚ್ಚಿ ತಾಳ ತಪ್ಪಿದನೆಂಬ ಭಾವನೆ ಬರುತ್ತಿತ್ತು. ಈ ಪ್ರಿಂಟನ್ನು ಹಿಂದೆ ಸೊಸೈಟಿಯ ಪ್ರದರ್ಶನಗಳಲ್ಲಿ ನೋಡಿದವರು ಇವತ್ತಿಗೂ ಮೊದಲು ನೆನೆಯುವುದು ಆ ತಪ್ಪಿದ ಪೆಟ್ಟನ್ನು, ಆಗ ಸಭೆಯಲ್ಲಿ ಎದ್ದ ನಗೆಯನ್ನು.

ಎಷ್ಟು ಫ್ರೇಮು ಹೋಗಿವೆ ಎಂದು ತಿಳಿಯುವುದು ಹೇಗೆ? 16 ಎಂಎಂ ಪ್ರಿಂಟಿನಲ್ಲಿ ಸದ್ದು ಒಂದು ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗಿರುತ್ತದೆ. ಗಟ್ಟಿ ಸದ್ದಿದ್ದಲ್ಲಿ ಗೆರೆ ಅಗಲವಾಗಿ ಉಬ್ಬುತ್ತದೆ. ಉಳಿದ ವಾದ್ಯಗಳು ನಿಂತಿರುವುದರಿಂದ ಡೋಲಿನ ಒಂದೊಂದು ಪೆಟ್ಟೂ ಭೂತಗನ್ನಡಿಯ ಕೆಳಗೆ ಬೇರೆ ಬೇರೆಯಾಗಿ ಕಾಣುತ್ತದೆ. ಸದ್ದನ್ನು ಸ್ಟುಡಿಯೋದಲ್ಲಿ ಆಮೇಲೆ ಸೇರಿಸಿರಬೇಕು, ಲಯ ಅಷ್ಟು ಸಮವಾಗಿದೆ: ಸರಿಯಾಗಿ 16 ಫ್ರೇಮಿಗೊಂದು ಪೆಟ್ಟು. ಜೋಡಣೆಯ ಆಚೀಚೆಯ ಎರಡು ಪೆಟ್ಟುಗಳ ನಡುವೆ ಮಾತ್ರ 5 ಫ್ರೇಮು. 16ರಲ್ಲಿ 5 ಕಳೆದರೆ 11. ಆದರೆ ಇಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ನಡುವೆ ಒಂದು ಇಡೀ ಪೆಟ್ಟೇ ಕಾಣೆಯಾಗಿದ್ದರೆ ಹೋದದ್ದು 27 ಆಗಬಹುದು, ಆಗಲೂ ಉಳಿಯುವುದು 5.

ಈ ಗೊಂದಲವನ್ನು ಬಿಡಿಸಿದ್ದು ಮುದುಕಿಯ ಹೆಜ್ಜೆ. ಪ್ರೊಜೆಕ್ಟರಿನಲ್ಲಿ ಫ್ರೇಮಿಗೆ ಬೆಳಕು ಹಾಯುವ ಗೇಟಿಗೂ ಸದ್ದು ಓದುವ ದೀಪಕ್ಕೂ ನಡುವೆ ದೂರವಿರುವುದರಿಂದ, 16 ಎಂಎಂ ಪ್ರಿಂಟಿನಲ್ಲಿ ಯಾವುದೇ ಫ್ರೇಮಿನ ಸದ್ದು ಆ ಫ್ರೇಮಿನ ಪಕ್ಕದಲ್ಲಿರುವುದಿಲ್ಲ, 26 ಫ್ರೇಮು ಮುಂಚೆಯೇ ಅಚ್ಚಾಗಿರುತ್ತದೆ. ಹೀಗಾಗಿ ಕತ್ತರಿ ಬಿದ್ದ ಜಾಗದಲ್ಲಿ ಹೋದ ಚಿತ್ರವೂ ಹೋದ ಸದ್ದೂ ಒಂದೇ ಕ್ಷಣದವಲ್ಲ. ಎರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ ತಾಳೆ ನೋಡಬಹುದು. ಚಿತ್ರದಲ್ಲಿ ಜೋಡಣೆಗೆ ಮೊದಲು ಮುದುಕಿಯ ಪಾದ ಪಟ್ಟಿಯ ಮೇಲೆ ಊರಿದ ಫ್ರೇಮಿನಿಂದ, ಜೋಡಣೆಯ ನಂತರ ಮತ್ತೆ ಪಾದ ಊರುವ ಫ್ರೇಮಿಗೆ 21 ಫ್ರೇಮುಗಳಿವೆ, ಅಷ್ಟರಲ್ಲಿ ಅವಳು ಎರಡು ಪಟ್ಟಿ ದಾಟಿದ್ದಾಳೆ. ಎರಡು ಹೆಜ್ಜೆಗೆ 32 ಫ್ರೇಮು ಬೇಕು. ಇರುವುದು 21. ಹೋದದ್ದು 11. 27 ಹೋಗಿದ್ದರೆ ಅವಳು ಮೂರು ಪಟ್ಟಿ ದಾಟಿರಬೇಕಿತ್ತು. ನಟಿಯ ಹೆಜ್ಜೆ ಒಂದು ಫ್ರೇಮು ಹೆಚ್ಚುಕಡಿಮೆ ಆದರೂ ಡೋಲಿನ ಲೆಕ್ಕ ಅದನ್ನು ಸರಿಯಾದ ಅಂಕಿಗೆ ಕಟ್ಟಿಹಾಕುತ್ತದೆ.

ಹನ್ನೊಂದು ಫ್ರೇಮು ಎಂದರೆ ಅರ್ಧ ಸೆಕೆಂಡಿಗೂ ಕಡಿಮೆ. ಬೇರೆ ಚಿತ್ರವಾಗಿದ್ದರೆ ನಾನೂ ಆಪರೇಟರ್ ಮಾವನ ಮಾತಿಗೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ನಗುವಿಗೂ ಸಂಕಟಕ್ಕೂ ನಡುವಿನ ಗೆರೆಯ ಮೇಲೇ ನಡೆಯುವ ಚಿತ್ರದಲ್ಲಿ ಹಾಗೆ ಮಾಡಲಾಗುವುದಿಲ್ಲ. ತಾಳ ತಪ್ಪಿದ ಪೆಟ್ಟು ಸುಲಭದ ನಗೆ ಹುಟ್ಟಿಸುತ್ತದೆ. ಅವನಿಗೆ ಗೊತ್ತಾಯಿತು, ಬೆಚ್ಚಿದ, ಮುಗಿಯಿತು. ನಿರ್ದೇಶಕ ಮಾಡಿದ್ದು ಅದಲ್ಲ. ಪೆಟ್ಟುಗಳು ಸಮವಾಗಿ ಬೀಳುತ್ತಲೇ ಇರುತ್ತವೆ, ಮದುವೆಯ ಡೋಲಿನ ತಾಳಕ್ಕೆ ಹೆಣದ ಹಿಂದಿನ ಮುದುಕಿ ಹೆಜ್ಜೆ ಹಾಕುತ್ತಲೇ ಇರುತ್ತಾಳೆ, ನಿಲ್ಲಿಸು ಎಂದು ಅವನಿಗೆ ಹೇಳುವವರು ಯಾರೂ ಇಲ್ಲ. ನೋಡುವವರಿಗೆ ನಗು ಬರುತ್ತದೆ, ಬಂದ ನಗುವನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಕತ್ತರಿ ಬಿದ್ದ ಪ್ರಿಂಟು ಇಷ್ಟು ವರ್ಷ ಆ ಇಕ್ಕಟ್ಟಿನಿಂದ ಸಭೆಯನ್ನು ಬಿಡಿಸುತ್ತ ಬಂದಿತ್ತು.

ಆದ್ದರಿಂದ ಚಿತ್ರ ಮರಳದಿದ್ದರೂ ಕಾಲ ಮರಳಲಿ ಎಂದು, ಬಿಟ್ಟುಕೊಂಡಿದ್ದ ಆ ಸಿಮೆಂಟ್ ಜೋಡಣೆಯನ್ನು ಪೂರ್ತಿ ತೆರೆದು ನಡುವೆ 11 ಫ್ರೇಮು ಕಪ್ಪು ಲೀಡರನ್ನು (ಚಿತ್ರವಾಗಲಿ ಸದ್ದಾಗಲಿ ಇಲ್ಲದ ಫಿಲಂ ತುಂಡನ್ನು) ಕೂರಿಸಿದೆ. ಕುಗ್ಗಿದ ಫಿಲಂ ಪಕ್ಕದಲ್ಲಿ ಹೊಸ ಲೀಡರ್ ರಂಧ್ರಕ್ಕೆ ರಂಧ್ರ ಕೂರುವುದಿಲ್ಲ, ಆದರೆ 11 ಫ್ರೇಮಿನಲ್ಲಿ ವ್ಯತ್ಯಾಸ ಬರುವುದು ಮಿಲಿಮೀಟರಿಗಿಂತ ಕಡಿಮೆ; ಎರಡು ತುದಿಯಲ್ಲೂ ಹಂಚಿದರೆ ಫಿಲಂ ಜೋಡಿಸುವ ಉಪಕರಣವಾದ ಸ್ಪ್ಲೈಸರಿನ ಪಿನ್ನುಗಳು ಹಿಡಿಯುತ್ತವೆ. ಹಾಗೆ ಕೂರಿಸಿ ನೋಡಿದಾಗ 26 ಫ್ರೇಮಿನ ಅಂತರ ನನ್ನ ಪರವಾಗಿಯೇ ಕೆಲಸ ಮಾಡಿತು. ತೆರೆ ಕಪ್ಪಾಗಿರುವ ಆ ಹನ್ನೊಂದು ಫ್ರೇಮುಗಳ ಸದ್ದು ಅವುಗಳ ಮುಂಚಿನ ಫಿಲಂ ಮೇಲೆ ಸುರಕ್ಷಿತವಾಗಿದೆ. ಕಾಣದೇ ಹೋದ ಹೆಜ್ಜೆಯ ಪೆಟ್ಟು ಕತ್ತಲೆಯಲ್ಲಿ ಕೇಳುತ್ತದೆ. ಚಿತ್ರ ಮರಳಿ 15 ಫ್ರೇಮು ಆದ ಮೇಲೆ, ಈಗ ಸದ್ದಿಲ್ಲದ ಹನ್ನೊಂದು ಫ್ರೇಮು ಬರುತ್ತವೆ, ಆಗ ಚಿತ್ರ ತೆರೆಯ ಮೇಲಿದೆ. ಅದೃಷ್ಟಕ್ಕೆ ಆ ತುಂಡು ಎರಡು ಪೆಟ್ಟುಗಳ ನಡುವೆ ಬೀಳುತ್ತದೆ, ಕಳೆದುಹೋದದ್ದು ನೀರಿನ ಸದ್ದು ಮಾತ್ರ. ಹಿರಿಯ ಆಪರೇಟರು ಇದನ್ನು ಕೇಳಿ ಹೆಚ್ಚೇನೂ ಹೇಳಲಿಲ್ಲ; “ಅಡ್ಡಿಲ್ಲ,” ಎಂದರು. ಈ ಕಡೆಯವರ ಬಾಯಲ್ಲಿ ಅದು ದೊಡ್ಡ ಶಿಫಾರಸ್ಸೇ.

ಎಲ್ಲರೂ ಒಪ್ಪಿಲ್ಲ. ಕಾರವಾರದ ಸಂಗ್ರಾಹಕರೊಬ್ಬರು, ಸಿಮೆಂಟ್ ಜೋಡಣೆಯೂ ಪ್ರಿಂಟಿನ ಚರಿತ್ರೆಯೇ, ತಪ್ಪಿದ ಪೆಟ್ಟನ್ನು ಕೇಳಿ ನಕ್ಕ ಸಭೆಗಳೂ ಆ ಚರಿತ್ರೆಯ ಭಾಗ, ಅದನ್ನು ಅಳಿಸುವ ಹಕ್ಕು ನನಗಿಲ್ಲ ಎಂದು ವಾದಿಸಿದರು. ಅವರ ವಾದದಲ್ಲಿ ಹುರುಳಿದೆ. ಆದ್ದರಿಂದ ಜೋಡಣೆ ತೆರೆಯುವ ಮೊದಲು ಅದರ ಎರಡೂ ಬದಿಯ ಚಿತ್ರ ತೆಗೆದು, ಹಳೆಯ ರೂಪದಲ್ಲೇ ಆ ದೃಶ್ಯವನ್ನು ಪ್ರತ್ಯೇಕ ಕಡತವಾಗಿ ಉಳಿಸಿದ್ದೇನೆ. ಆದರೆ ಇಡೀ ಚಿತ್ರವೆಂದು ತೋರಿಸುವಾಗ ಕಪ್ಪು ಲೀಡರಿನ ರೂಪವನ್ನೇ ತೋರಿಸುತ್ತೇನೆ. ಹೋದ ಫ್ರೇಮುಗಳನ್ನು ಕಂಪ್ಯೂಟರಿನಲ್ಲಿ ಊಹಿಸಿ ತುಂಬಿಸಲು ಸಲಹೆ ಕೊಟ್ಟವರೂ ಇದ್ದಾರೆ. ಮುದುಕಿ ಇಡದ ಹೆಜ್ಜೆಯನ್ನು ಯಂತ್ರದಿಂದ ಇಡಿಸುವುದು ನನಗೆ ಬೇಡವಾಗಿತ್ತು. ಇಲ್ಲದ್ದು ಇಲ್ಲ ಎಂದು ಕಾಣುವುದೇ ಮೇಲು.

ಫೋಟೋ ತೆಗೆಯುವ ಯಂತ್ರಕ್ಕೆ ಕೆಟ್ಟ ಪ್ರೊಜೆಕ್ಟರೊಂದರ ಮೈಯನ್ನೇ ಬಳಸಿದೆ. ಫ್ರೇಮು ಎಳೆಯುವ ಕೊಕ್ಕೆಯನ್ನೂ ಹಲ್ಲುಗಾಲಿಗಳನ್ನೂ ತೆಗೆದು ರಬ್ಬರ್ ಉರುಳೆಗಳನ್ನು ಹಾಕಿದೆ. ಬಿಸಿ ದೀಪದ ಜಾಗಕ್ಕೆ ಎಲ್‌ಇಡಿ, ಅದರ ಮುಂದೆ ಹಾಲುಬಣ್ಣದ ಅಕ್ರಿಲಿಕ್ ತುಂಡು. ರಂಧ್ರ ಹಾದುಹೋದದ್ದನ್ನು ಒಂದು ಬೆಳಕಿನ ಸಂವೇದಕ ಹೇಳುತ್ತದೆ, ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ. ಸೆಕೆಂಡಿಗೆ ಒಂದು ಫ್ರೇಮಿನ ವೇಗದಲ್ಲಿ 64,000 ಫ್ರೇಮಿನ ತುಂಬು ಸುರುಳಿಗೆ ಹದಿನೆಂಟು ತಾಸಿನ ಹತ್ತಿರ ಬೇಕು. ನಮ್ಮಲ್ಲಿ ಕರೆಂಟು ಹೋಗುವ ಸಮಯ ತಿಳಿದಿರುವವರು ಇನ್ವರ್ಟರ್ ಇಲ್ಲದೆ ಇದಕ್ಕೆ ಕೈ ಹಾಕಬಾರದು. ಫಿಲಂನ ಪೂರ್ತಿ ಅಗಲವೂ ಚಿತ್ರದಲ್ಲಿ ಬರುವಂತೆ ಕ್ಯಾಮೆರಾ ಇಟ್ಟಿದ್ದರಿಂದ ಸದ್ದಿನ ಪಟ್ಟಿಯೂ ಸಿಕ್ಕಿದೆ. ಆ ಚಿತ್ರಗಳಿಂದಲೇ ಸದ್ದನ್ನು ಓದಿ ತೆಗೆಯುವ ‘ಎಇಒ-ಲೈಟ್’ ಎಂಬ ಉಚಿತ ತಂತ್ರಾಂಶ, ಡೋಲಿನ ಪೆಟ್ಟುಗಳನ್ನು ನಾನು ಭೂತಗನ್ನಡಿಯಲ್ಲಿ ಎಣಿಸಿದ ಜಾಗಗಳಲ್ಲೇ ಕೇಳಿಸಿತು.

ಈಗ ಎರಡೂ ಸುರುಳಿಗಳು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿವೆ, ಆಮ್ಲ ಹೀರುವ ಪೊಟ್ಟಣಗಳು ಜೊತೆಗಿವೆ. ಎರಡನೆಯದು ಮೊದಲನೆಯದಕ್ಕೆ ಆವಿ ತಾಗಿಸದಂತೆ ಬೇರೆ ಕೋಣೆಯಲ್ಲಿದೆ. ಇದು ತಾತ್ಕಾಲಿಕ ವ್ಯವಸ್ಥೆ, ರೋಗ ಹಿಡಿದ ಅಸಿಟೇಟಿಗೆ ಬೇಕಾದ ತಣ್ಣನೆಯ ಒಣ ಉಗ್ರಾಣ ನಮ್ಮ ಕರಾವಳಿಯ ಮನೆಯಲ್ಲಿ ಆಗುವ ಮಾತಲ್ಲ. ಪ್ರಿಂಟನ್ನು ಪುಣೆಯ ಸಂಗ್ರಹಾಲಯಕ್ಕೆ ಒಪ್ಪಿಸುವ ಪತ್ರಕ್ಕೆ ನಿರ್ಮಾಪಕರ ಮನೆಯವರ ಸಹಿ ಬೇಕು. ಸಹಿ ಸಿಕ್ಕರೆ ಮಳೆಗಾಲಕ್ಕೆ ಮೊದಲೇ ಡಬ್ಬಿಗಳು ಹೊರಡುತ್ತವೆ. ಸಿಗದಿದ್ದರೆ ಎರಡನೆಯ ಸುರುಳಿಗೆ ಆಮ್ಲದ ಪಟ್ಟಿಯನ್ನು ಜೂನ್ ಆರಂಭದಲ್ಲಿ ಮತ್ತೊಮ್ಮೆ ಇಟ್ಟು, 2ರ ಹತ್ತಿರ ಬಂದಿದ್ದರೆ ಇದೇ ಯಂತ್ರದಲ್ಲಿ ಇನ್ನಷ್ಟು ದೊಡ್ಡ ಅಳತೆಯಲ್ಲಿ ಮರಳಿ ಫೋಟೋ ತೆಗೆಯಬೇಕಾಗುತ್ತದೆ. ಅದಕ್ಕೆ ಬೇಕಾದ ಲೆನ್ಸನ್ನು ಈಗಾಗಲೇ ಹುಡುಕಲಾರಂಭಿಸಿದ್ದೇನೆ.